ಗುಳ್ಳೆ

ಗಾಳಿ ಹೊಡೆಯುವುದು ನನ್ನ ಕಸುಬು.
ಎಲ್ ಆಲ್ಟೊದಲ್ಲಿ ಮಿನಿಬಸ್ಸುಗಳು ತಿರುಗುವ ಮೂಲೆಗೆ
ತಗಡಿನ ಗೂಡು, ಒಂದು ಕಂಪ್ರೆಸರ್, ಒಂದು ತೊಟ್ಟಿ ನೀರು.
ಟ್ಯೂಬು ಮುಳುಗಿಸಿ ಕಣ್ಣಿಟ್ಟು ಕೂರುತ್ತೇನೆ.
ಗುಳ್ಳೆ ಎದ್ದಿತೋ, ಅಲ್ಲಿದೆ ತೂತು.
ಏಳಲಿಲ್ಲವೋ, ಒಯ್ಯಪ್ಪ, ಗಟ್ಟಿಯಾಗಿದೆ.
ಇಪ್ಪತ್ತೆರಡು ವರ್ಷದಿಂದ ಇಷ್ಟೇ ನನಗೆ ಬರುವ ವಿದ್ಯೆ.

ಇಲ್ಲಿ ಅದೂ ತಲೆಕೆಳಗು.
ಮಗಳ ಮೂಗಿನಿಂದ ಹೊರಟ ಕೊಳವೆ
ಬಾಟಲಿಯ ನೀರಿಗೆ ಇಳಿದಿದೆ, ಆರು ಸೆಂಟಿಮೀಟರ್ ಆಳ,
ನೀಲಿ ಶಾಯಿಯಲ್ಲಿ ಗೆರೆ ಎಳೆದಿದ್ದಾರೆ.
ಗುಳುಗುಳು, ಗುಳುಗುಳು, ಹಗಲೂ ರಾತ್ರಿ.
"ಈ ಸದ್ದು ಇದ್ದರೆ ಸರಿ ಇದೆ ಅಂತ," ನರ್ಸ್ ಎರ್ಮೆಲಿಂಡಾ ಹೇಳಿದಳು.
"ನಿಂತರೆ ಕೂಗು. ಎಲ್ಲೋ ಸೋರುತ್ತಿದೆ ಅಂತ."
ನಾನು ನಕ್ಕುಬಿಟ್ಟೆ.
ಅವಳು ನನ್ನ ಮುಖವನ್ನೇ ನೋಡಿದಳು.

ಒಂದು ಕಿಲೋ ನಲವತ್ತು ಗ್ರಾಂ.
ಲಾರಿ ಚಕ್ರದ ನಟ್ಟು ಬಿಚ್ಚುವ ಸ್ಪ್ಯಾನರ್ ಇದಕ್ಕಿಂತ ಭಾರ.
ಕಾಲಿಗೆ ಕಟ್ಟಿದ ಚೀಟಿಯಲ್ಲಿ ತಾಯಿಯ ಹೆಸರಷ್ಟೇ ಇದೆ:
ಗುಮರ್ಸಿಂಡಾಳ ಹೆಣ್ಣು.
ಗುಮರ್ಸಿಂಡಾ ಎರಡು ಮಹಡಿ ಕೆಳಗೆ ಮಲಗಿದ್ದಾಳೆ.
ಅವಳ ರಕ್ತದ ಒತ್ತಡ ನೂರೆಪ್ಪತ್ತು ದಾಟಿತೆಂದು
ಹನ್ನೊಂದು ವಾರ ಮೊದಲೇ ಹೊಟ್ಟೆ ಕೊಯ್ದು ಇವಳನ್ನು ತೆಗೆದರು.
ಲಾರಿಗೆ ನೂರು ಪೌಂಡು, ಮಿನಿಬಸ್ಸಿಗೆ ನಲವತ್ತೈದು,
ಊರಿನ ಒತ್ತಡದ ಲೆಕ್ಕವೆಲ್ಲ ನನ್ನ ಬೆರಳ ತುದಿಯಲ್ಲಿತ್ತು.
ಹೆಂಡತಿಯದು ಮಾತ್ರ ನೋಡಿರಲಿಲ್ಲ.

ನಮ್ಮಲ್ಲಿ ಗಾಳಿಯೇ ತೆಳು.
ಪರದೇಶದವರು ವಿಮಾನ ಇಳಿದು ಬಾಯಿ ಬಿಡುತ್ತಾ ನಿಲ್ಲುವಾಗ
ನಾವು ನಗುತ್ತಿದ್ದೆವು, ನಮಗೆ ಹುಟ್ಟಿನಿಂದಲೇ ರೂಢಿ ಎಂದು.
ಸುಳ್ಳು. ಕಲಿಯಬೇಕು. ಕಲಿತದ್ದು ನಡುವೆ ಮರೆತೂ ಹೋಗುತ್ತದೆ.
ಇವಳು ಮರೆಯುತ್ತಾಳೆ.
ಎದೆ ಇದ್ದಕ್ಕಿದ್ದಂತೆ ಸುಮ್ಮನಾಗಿ, ಪರದೆಯ ಅಂಕಿ ಜಾರಿ,
ಯಂತ್ರ ಕಿರುಚಿ, ಎರ್ಮೆಲಿಂಡಾ ಬಂದು
ಅಂಗಾಲಿಗೆ ಬೆರಳಲ್ಲಿ ಮೆಲ್ಲಗೆ ಮೀಟುತ್ತಾಳೆ:
ಏ ಹುಡುಗಿ, ಉಸಿರು!
ನೆನಪಿರಲೆಂದು ದಿನಕ್ಕೊಮ್ಮೆ ಕಾಫಿಯ ಸತ್ವ ಕೊಡುತ್ತಾರಂತೆ.
ತಾಯಿಯ ಹಾಲಿಗಿಂತ ಮೊದಲು ಕಾಫಿಯ ರುಚಿ ಕಂಡ ಮಗಳು.

ಹಾಲು ಬಂದದ್ದು ನಾಲ್ಕನೆಯ ದಿನ. ಮೂರು ಮಿಲಿ.
ಸಿರಿಂಜನ್ನು ಅಂಗಿಯೊಳಗೆ ಬೆಚ್ಚಗಿಟ್ಟುಕೊಂಡು
ಲಾರಿಯ ಟೈರು ಉರುಳಿಸುವ ನಾನು
ಮೆಟ್ಟಿಲು ಎಣಿಸುತ್ತಾ ಹತ್ತಿದೆ.

ಹೊರಗಿನ ಬೆಂಚಿನಲ್ಲಿ ಅತ್ತೆ,
ತೊಡೆಯ ಮೇಲೆ ಅವರ ಕಂದು ದುಂಡು ಟೋಪಿ.
ಅಜ್ಜಿಯರನ್ನು ಒಳಗೆ ಬಿಡುವುದಿಲ್ಲ.
ನಾನು ಬಂದಾಗಲೆಲ್ಲ ಒಂದೇ ಪ್ರಶ್ನೆ: ಬಣ್ಣ ಹೇಗಿದೆ?
ಕೆಂಪಗಿದ್ದಾಳೆ, ಎನ್ನುತ್ತೇನೆ.
ಗುರುವಾರವೂ ಹಾಗೇ ಎಂದೆ.
ಅತ್ತೆ ಟೋಪಿ ಮಗುಚಿ ಅದರೊಳಗೆ ನೋಡುತ್ತಾ ಕೂತರು.

ಆ ರಾತ್ರಿ ಕುರ್ಚಿಯಲ್ಲೇ ಜೊಂಪು ಹತ್ತಿತ್ತು.
ಸದ್ದು ಹೋದದ್ದೇ ನನ್ನನ್ನು ಎಬ್ಬಿಸಿತು.
ಬಾಟಲಿಯ ನೀರು ನೆಟ್ಟಗೆ ಮಲಗಿತ್ತು.
ಯಂತ್ರ ಇನ್ನೂ ಕಿರುಚಿರಲಿಲ್ಲ, ನಾನು ಕಿರುಚಿದೆ.
ಉಣ್ಣೆಯ ಟೋಪಿ ಸರಿದು, ಮೂಗಿನ ಕೊಳವೆ
ಒಂದು ಕಾಳಿನಷ್ಟು ಜಾರಿತ್ತು. ಅಷ್ಟೇ.
ಎರ್ಮೆಲಿಂಡಾ ಕೂರಿಸಿದಳು. ಗುಳುಗುಳು.
"ಒಳ್ಳೆ ಕಿವಿ ನಿಂದು," ಎಂದಳು.
ಆಗ ಅಳು ಬಂತು.

ಹನ್ನೆರಡನೆಯ ದಿನ ಅಂಗಿ ಬಿಚ್ಚು ಎಂದರು.
ಕೈ ಐದು ಸಲ ತೊಳೆದೆ, ಉಗುರಿನ ಕೆಳಗಿನ ಗ್ರೀಸು ಹೋಗದು.
ಕೈ ಹಾಗಿರಲಿ, ಎದೆ ಸಾಕು, ಎಂದು
ಕೊಳವೆಯ ಸಮೇತ ಅವಳನ್ನು ನನ್ನ ಮೇಲೆ ಮಲಗಿಸಿದರು.
ನಾನು ಉಸಿರೆಳೆದರೆ ಅವಳು ಏರುತ್ತಾಳೆ,
ಬಿಟ್ಟರೆ ಇಳಿಯುತ್ತಾಳೆ.
ಇಷ್ಟು ಜೋಪಾನವಾಗಿ ನಾನು ಗಾಳಿ ಬಿಟ್ಟದ್ದೇ ಇಲ್ಲ.

ಶನಿವಾರ ಅಂಗಡಿ ತೆರೆದೆ. ಕಾಸು ಬೇಕು.
ಮಿನಿಬಸ್ಸಿನ ಫ್ಲೋರಿಯಾನೊ ಟ್ಯೂಬು ಎಸೆದ.
ತೊಟ್ಟಿಯ ಮೇಲೆ ಕೆನೆಗಟ್ಟಿದ ಮಂಜು ಒಡೆದು ಮುಳುಗಿಸಿದೆ.
ಗುಳ್ಳೆಗಳು ಎದ್ದವು, ಒಂದರ ಹಿಂದೆ ಒಂದು.
ಬೆರಳಿಟ್ಟು ಮುಚ್ಚಿ ಗುರುತು ಹಾಕಬೇಕು.
ಬೆರಳು ಮುಂದೆ ಹೋಗಲಿಲ್ಲ.
"ತೂತು ಸಿಕ್ತಲ್ಲ ಮಾರಾಯ, ಇನ್ನೇನು ನೋಡ್ತೀಯ?"
ತಾಳು, ಎಂದೆ.
ಇನ್ನೊಂದು ಸ್ವಲ್ಪ ಹೊತ್ತು ಬರಲಿ.